ಚೌಕದಿಂದ ವೃತ್ತಕ್ಕೆ: ಜ್ಯಾಮಿತೀಯ ಸಹ್ಯಮಿತಿಯ ಉಗಮ

ಕೈಗಾರಿಕಾ ಉತ್ಪಾದನೆಯ ಚರಿತ್ರೆಯಲ್ಲಿ ಯಂತ್ರಗಳಿಗೆ ದೊರೆತ ಗಮನ ಅವುಗಳ ನಕ್ಷೆಗಳಿಗೆ ದೊರೆತಿಲ್ಲ. ಯಾವ ಬಿಡಿಭಾಗವನ್ನೂ ನಕ್ಷೆಯ ಅಳತೆಗೆ ಲವಲೇಶವೂ ತಪ್ಪದಂತೆ ತಯಾರಿಸಲಾಗದು. ಆದುದರಿಂದ ಎಷ್ಟು ವ್ಯತ್ಯಾಸ ಸಹ್ಯವೆಂಬುದನ್ನು ನಕ್ಷೆಯೇ ಹೇಳಬೇಕು. ಟಾಲರೆನ್ಸ್ ಅಥವಾ ಸಹ್ಯಮಿತಿ ಎಂದರೆ ಇದೇ. ಉದ್ದ, ವ್ಯಾಸಗಳಿಗೆ ಎಲ್ಲೆ ನಿಗದಿಪಡಿಸುವ ಪದ್ಧತಿ ಮೊದಲು ರೂಢಿಗೆ ಬಂದಿತು. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಆಕಾರ ಸರಿಯಿರಬೇಕೆಂದಿಲ್ಲ. ಉದ್ದಕ್ಕೂ ಒಂದೇ ವ್ಯಾಸವುಳ್ಳ ಸರಳು ಬಾಗಿದ್ದರೆ ರಂಧ್ರದೊಳಗೆ ಸಾಗದು.

ಈ ತೊಡಕಿಗೆ ಇಂಗ್ಲೆಂಡಿನ ವಿಲಿಯಂ ಟೇಲರ್ 1905ರಲ್ಲಿ ಪೇಟೆಂಟ್ ಪಡೆದ ತತ್ತ್ವವು ಉತ್ತರ ನೀಡಿತು. 'ಹೋಗುವ' ಗೇಜು ಭಾಗದ ಸಮಗ್ರ ರೂಪವನ್ನು ಒಮ್ಮೆಗೇ ಪರೀಕ್ಷಿಸಬೇಕು. 'ಹೋಗದ' ಗೇಜು ಒಂದೊಂದೇ ಅಳತೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು ಎಂಬುದು ಅದರ ಸಾರ.

ರಂಧ್ರಗಳ ಸ್ಥಾನದ ಪ್ರಶ್ನೆ ಮಾತ್ರ ಉಳಿದಿತ್ತು. ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯಾದ ರಾಯಲ್ ಟಾರ್ಪಿಡೋ ಕಾರ್ಖಾನೆಯಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಇದಕ್ಕೆ 'ನಿಜಸ್ಥಾನ'ದ ಪರಿಕಲ್ಪನೆಯನ್ನು ಮುಂದಿಟ್ಟನು. ಸಾಮೂಹಿಕ ಉತ್ಪಾದನೆಯ ವಿನ್ಯಾಸ ಮತ್ತು ತಪಾಸಣೆಯನ್ನು ಕುರಿತ ಅವನ ಟಿಪ್ಪಣಿಗಳು 1940ರಲ್ಲಿ ಪ್ರಕಟವಾದವು. ರಂಧ್ರದ ಕೇಂದ್ರಕ್ಕೆ ಎರಡು ದಿಕ್ಕಿನಲ್ಲಿಯೂ ±0.1 ಮಿ.ಮೀ. ಅವಕಾಶ ನೀಡಿದರೆ ಏರ್ಪಡುವ ಸಹ್ಯವಲಯ ಚೌಕ. ಮೂಲೆಯ ಕಡೆಗೆ 0.14 ಮಿ.ಮೀ. ಸರಿದ ರಂಧ್ರ ಅಲ್ಲಿ ಅಂಗೀಕೃತ; ನೇರ ಪಕ್ಕಕ್ಕೆ 0.12 ಮಿ.ಮೀ. ಸರಿದುದು ತಿರಸ್ಕೃತ. ಬೋಲ್ಟಿಗಾದರೋ ದಿಕ್ಕಿನ ಭೇದವಿಲ್ಲ. ಚೌಕದ ಮೂಲೆಗಳನ್ನು ಮುಟ್ಟುವ ವೃತ್ತವನ್ನೇ ವಲಯವಾಗಿಸಿದರೆ ಅದರ ವಿಸ್ತೀರ್ಣ ಶೇ. 57ರಷ್ಟು ಹೆಚ್ಚುತ್ತದೆ. ಯುದ್ಧಕಾಲದ ಉತ್ಪಾದನೆಯಲ್ಲಿ ಕೆಲಸಕ್ಕೆ ಬರುವ ಭಾಗವೊಂದು ಗುಜರಿಗೆ ಹೋಗುವುದೋ ಜೋಡಣೆಗೆ ಸೇರುವುದೋ ಎಂಬುದು ಈ ವ್ಯತ್ಯಾಸವನ್ನೇ ಅವಲಂಬಿಸಿತ್ತು.

'ಗರಿಷ್ಠ ದ್ರವ್ಯಸ್ಥಿತಿ'ಯ ತತ್ತ್ವ ಇದೇ ತರ್ಕದ ವಿಸ್ತರಣೆ. ರಂಧ್ರವು ತನ್ನ ಕನಿಷ್ಠ ಗಾತ್ರಕ್ಕಿಂತ ದೊಡ್ಡದಾದಷ್ಟೂ ಅದರ ಸ್ಥಾನಕ್ಕೆ ಹೆಚ್ಚಿನ ವ್ಯತ್ಯಾಸವನ್ನು ಅನುಮತಿಸಬಹುದು, ಜೋಡಣೆಗೆ ಬಾಧೆಯಿಲ್ಲ.

ಯುದ್ಧಾನಂತರ ಈ ವಿಚಾರಗಳು ಮಾನಕಗಳ ರೂಪ ತಳೆದವು. ಅಮೆರಿಕದ ಸೇನಾ ಮಾನಕ ಮಿಲ್-ಎಸ್‌ಟಿಡಿ-8 1949ರಲ್ಲಿ, ನಾಗರಿಕ ಕೈಗಾರಿಕೆಯ ವೈ14.5 1957ರಲ್ಲಿ, ಅಂತಾರಾಷ್ಟ್ರೀಯ ಸಂಸ್ಥೆಯ ಐಎಸ್‌ಒ 1101 ಶಿಫಾರಸು 1969ರಲ್ಲಿ ಹೊರಬಂದವು. ಆದರೂ ಮತಭೇದ ಅಳಿಯಲಿಲ್ಲ. ಅಮೆರಿಕದ ಪದ್ಧತಿ ಟೇಲರನ ಜಾಡಿನಲ್ಲಿ ಗಾತ್ರದ ಎಲ್ಲೆಯಿಂದಲೇ ಆಕಾರವನ್ನೂ ಸಾಮಾನ್ಯವಾಗಿ ನಿಯಂತ್ರಿಸುತ್ತದೆ. 1985ರ ಐಎಸ್‌ಒ 8015 ಇವೆರಡನ್ನೂ ಪರಸ್ಪರ ಸ್ವತಂತ್ರವೆಂದು ಪರಿಗಣಿಸಿತು. ಒಂದೇ ನಕ್ಷೆಯನ್ನು ಎರಡು ದೇಶಗಳಲ್ಲಿ ಎರಡು ಬಗೆಯಾಗಿ ಓದುವ ಸಾಧ್ಯತೆ ಹೀಗೆ ಉಳಿಯಿತು.

ಜ್ಯಾಮಿತೀಯ ಸಹ್ಯಮಿತಿಯ ಚರಿತ್ರೆ ಕೇವಲ ನಿಖರತೆಯ ಹೆಚ್ಚಳದ ಚರಿತ್ರೆಯಲ್ಲ. ಯಾವ ನ್ಯೂನತೆ ಕಾರ್ಯಕ್ಕೆ ಬಾಧಕ, ಯಾವುದು ಅಲ್ಲ ಎಂಬ ವಿವೇಚನೆಯನ್ನು ನಕ್ಷೆಯ ಭಾಷೆಗೆ ತಂದುದರಲ್ಲಿ ಅದರ ಮಹತ್ತ್ವವಿದೆ.