ನಾಯಿ ದತ್ತು: ಕೊಡೋರು ಏನು ಮುಚ್ಚಿಡಬಾರದು, ತಗೊಳ್ಳೋರು ಏನು ಕೇಳಬೇಕು?

ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರಲ್ಲಿ ಕೊಟ್ಟ ಆದೇಶಗಳ ನಂತರ ನಾಯಿ ದತ್ತು ವಿಷಯ ಮತ್ತೆ ಚರ್ಚೆಗೆ ಬಂದಿದೆ. ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ ಎಂದು ಆಗಸ್ಟ್ 22ರ ಆದೇಶ ಹೇಳುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಬೇಕು, ವಾಪಸ್ ಅಲ್ಲೇ ಬಿಡಬಾರದು ಎಂದು ನವೆಂಬರ್ 7ರ ಆದೇಶ ಹೇಳಿತು.

ಆಶ್ರಯತಾಣಕ್ಕೆ ಬರುವ ನಾಯಿ ಹೆಚ್ಚಾದರೆ ಜಾಗ ಸಾಲಲ್ಲ, ಊಟದ ಖರ್ಚು ಏರುತ್ತೆ. ಆಗ ಒಂದೊಂದನ್ನಾದರೂ ಬೇಗ ಸಾಗಿಸಬೇಕು ಅನ್ನೋ ಒತ್ತಡ ಬರುತ್ತೆ. ದತ್ತಿನಲ್ಲಿ ಸುಳ್ಳು ಸೇರಿಕೊಳ್ಳೋದು ಇಲ್ಲೇ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡಿಸು ಅನ್ನೋ ಗಾದೆಯಂತೆ, ನಾಯಿಗೆ ಒಂದು ಮನೆ ಸಿಕ್ಕರೆ ಸಾಕು ಅಂತ ಇರೋದನ್ನು ಮುಚ್ಚಿಡುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸುಳ್ಳಿನಿಂದ ಸಿಕ್ಕ ಮನೆ ಆ ನಾಯಿಗೆ ಉಳಿಯೋದು ಕಷ್ಟ. ಗುಟ್ಟು ಬಯಲಾದ ದಿನ ನಾಯಿ ಮತ್ತೆ ಬೀದಿಗೆ ಬರುತ್ತೆ, ಅಥವಾ ಯಾರದೋ ಮಗುವಿಗೆ ಕಚ್ಚಿರುತ್ತೆ.

ವಯಸ್ಸು ಮತ್ತು ಲಸಿಕೆ

ಮರಿಗೆ ಎರಡು ತಿಂಗಳು ತುಂಬುವ ಮೊದಲೇ ತಾಯಿಯಿಂದ ಬೇರೆ ಮಾಡಬಾರದು. 2018ರ ಪೆಟ್ ಶಾಪ್ ನಿಯಮಗಳಲ್ಲೂ ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ. ದತ್ತು ಕೊಡೋರಿಗೂ ಇದೇ ಅಳತೆ ಸರಿ. ಹಾಲುಹಲ್ಲು ಸುಮಾರು ಮೂರನೇ ವಾರದಿಂದ ಬರುತ್ತವೆ, ಎಂಟನೇ ವಾರದ ಹೊತ್ತಿಗೆ ಬಹುತೇಕ ಎಲ್ಲವೂ ಬಂದಿರುತ್ತವೆ. ಬಾಯಿ ತೆರೆದು ನೋಡಿದರೆ ಪಶುವೈದ್ಯರಿಗೆ ವಯಸ್ಸಿನ ಅಂದಾಜು ಸಿಗುತ್ತೆ.

ಡಿಸ್ಟೆಂಪರ್, ಪಾರ್ವೊ ಸೇರಿದ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಮುಂದುವರಿಯಬೇಕು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುತ್ತಾರೆ. ಹಾಗಾಗಿ "ಎರಡು ತಿಂಗಳ ಮರಿ, ರೇಬೀಸ್ ಸೇರಿ ಎಲ್ಲಾ ಲಸಿಕೆ ಆಗಿದೆ" ಅಂದರೆ ವಯಸ್ಸಾದರೂ ತಪ್ಪಿರಬೇಕು, ಲಸಿಕೆಯಾದರೂ ಸುಳ್ಳಿರಬೇಕು. ಬಾಯಿಮಾತು ನಂಬದೆ ಕಾರ್ಡ್ ಕೇಳಬೇಕು. ಅದರಲ್ಲಿ ಲಸಿಕೆ ಬಾಟಲಿಯ ಸ್ಟಿಕರ್, ಬ್ಯಾಚ್ ನಂಬರ್, ಹಾಕಿದ ದಿನಾಂಕ, ವೈದ್ಯರ ಸಹಿ ಇರಬೇಕು. ಬರೀ ಪೆನ್ನಿನಲ್ಲಿ "ಆಗಿದೆ" ಅಂತ ಬರೆದಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ದು ಮತ್ತೆ ಹಾಕಿಸೋದೇ ಕ್ಷೇಮ.

ಕಚ್ಚಿದ ಚರಿತ್ರೆ

ಅತಿ ಹೆಚ್ಚು ಅಪಾಯ ತರೋದು ಈ ಒಂದು ವಿಷಯ ಮುಚ್ಚಿಟ್ಟಾಗ. ನಾಯಿ ಹಿಂದೆ ಯಾರಿಗಾದರೂ ಕಚ್ಚಿದೆಯಾ, ಯಾವಾಗ, ಏನಾಗಿತ್ತು ಅನ್ನೋದನ್ನು ಕೇಳದಿದ್ದರೂ ಹೇಳಬೇಕು. ಊಟದ ತಟ್ಟೆ ಮುಟ್ಟಿದಾಗ ಗುರ್ ಅನ್ನುತ್ತಾ, ಬೈಕ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತಾ, ಬೇರೆ ನಾಯಿ, ಬೆಕ್ಕು, ಕೋಳಿ ಕಂಡರೆ ಹೇಗೆ ಅನ್ನೋದೂ ಅಷ್ಟೇ ಮುಖ್ಯ. ಕೋಳಿ, ಕುರಿ ಇರುವ ಹಳ್ಳಿ ಮನೆಗೆ ಹೋಗೋ ನಾಯಿಯ ಬಗ್ಗೆ ಇದನ್ನು ಹೇಳದಿದ್ದರೆ ಜಗಳ ಖಂಡಿತ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಶ್ರಯತಾಣದಲ್ಲಿ ಹೆದರಿ ಮುದುರಿ ಕೂತ ನಾಯಿ "ಸಾಧು" ಅಂತ ಕಾಣುತ್ತೆ. ಮನೆಗೆ ಬಂದು ಧೈರ್ಯ ಬಂದ ಮೇಲೆ ಅದರ ನಿಜವಾದ ಸ್ವಭಾವ ಹೊರಬರುತ್ತೆ. ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ಕ್ರಮಕ್ಕೆ ಹೊಂದಿಕೆ, ಮೂರು ತಿಂಗಳಿಗೆ ಪೂರ್ತಿ ನೆಲೆ ಅನ್ನೋದು ನಾಯಿ ಸಾಕುವವರು ಬಳಸುವ ಸ್ಥೂಲ ಲೆಕ್ಕ. ಆದ್ದರಿಂದ ಪ್ರಾಮಾಣಿಕ ಆಶ್ರಯತಾಣ ಎಷ್ಟೋ ಸಲ "ಗೊತ್ತಿಲ್ಲ" ಅನ್ನುತ್ತೆ. "ಮಕ್ಕಳಂದ್ರೆ ಪ್ರಾಣ ಬಿಡುತ್ತೆ ಸಾರ್" ಅನ್ನೋ ಮಾತಿಗಿಂತ "ಮಕ್ಕಳ ಜೊತೆ ಬಿಟ್ಟು ನೋಡಿಲ್ಲ" ಅನ್ನೋ ಮಾತಿಗೆ ಬೆಲೆ ಹೆಚ್ಚು. ಕಚ್ಚುವ ಅಭ್ಯಾಸವಿರುವ ನಾಯಿಯನ್ನು ವಿಷಯ ತಿಳಿದು ಒಪ್ಪಿದ, ಅನುಭವವಿರುವ, ಚಿಕ್ಕ ಮಕ್ಕಳಿಲ್ಲದ ಮನೆಗೆ ಕೊಡಬಹುದು. ಅಂಥವರು ಸಿಗದಿದ್ದರೆ ಅದು ಆಶ್ರಯತಾಣದಲ್ಲೇ ಇರಬೇಕು. ಗೊತ್ತಿಲ್ಲದವರ ತಲೆಗೆ ಅಪಾಯ ಕಟ್ಟೋದು ದಯೆ ಅಲ್ಲ.

ಕಾಯಿಲೆ, ಜಾತಿ, ದುಡ್ಡು

ಉಣ್ಣೆ ಜ್ವರ, ಚರ್ಮರೋಗ, ಹಳೆಯ ಮೂಳೆ ಮುರಿತ ಇದ್ದರೆ ಔಷಧದ ಚೀಟಿ ಸಮೇತ ಕೊಡಬೇಕು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಆಶ್ರಯತಾಣದಲ್ಲಿ ಇತ್ತೀಚೆಗೆ ಪಾರ್ವೊ ಬಂದಿದ್ದರೆ ಅದನ್ನೂ ತಿಳಿಸಬೇಕು, ಇಲ್ಲದಿದ್ದರೆ ತಗೊಂಡವರ ಮನೆಯ ಹಳೆಯ ನಾಯಿಗೂ ಕುತ್ತು.

ಊರನಾಯಿಯನ್ನು "ಲ್ಯಾಬ್ ಮಿಕ್ಸ್" ಅಂತ ಹೇಳಿ ಸಾಗಿಸೋದೂ ಸುಳ್ಳೇ. ದೊಡ್ಡದಾದ ಮೇಲೆ "ನೀವು ಹೇಳಿದ ಜಾತಿ ಇದಲ್ಲ" ಅಂತ ಜನ ಕೈಬಿಟ್ಟರೆ ನಷ್ಟ ನಾಯಿಗೆ.

ದತ್ತು ಅಂದರೆ ವ್ಯಾಪಾರ ಅಲ್ಲ. ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚನ್ನು ರಸೀದಿ ಕೊಟ್ಟು ಪಡೆದರೆ ತಪ್ಪಿಲ್ಲ. ಆದರೆ ಪ್ರತಿ ತಿಂಗಳೂ ಹೊಸ ಜಾತಿಮರಿ "ದತ್ತಿಗೆ" ಅಂತ ಹಾಕಿ, ಸಾವಿರಾರು ರೂಪಾಯಿ ಕೇಳುವವರು ತಳಿಗಾರರೇ ಇರಬಹುದು. 2017ರ ನಿಯಮಗಳ ಪ್ರಕಾರ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನಾಯಿಯನ್ನು ತೋರಿಸದೆ "ಸಾಗಣೆ ಖರ್ಚು ಫೋನ್‌ಪೇ ಮಾಡಿ" ಅಂದರೆ ಒಂದು ರೂಪಾಯಿಯೂ ಹಾಕಬೇಡಿ.

ತಗೊಳ್ಳೋರ ಸುಳ್ಳು

ಸುಳ್ಳು ಒಂದೇ ಕಡೆಯದಲ್ಲ. ಬಾಡಿಗೆ ಮನೆ ಮಾಲೀಕರ ಒಪ್ಪಿಗೆ ಇಲ್ಲದೆ "ಸ್ವಂತ ಮನೆ" ಅನ್ನೋದು, ಹಗಲೆಲ್ಲಾ ಮನೆಗೆ ಬೀಗ ಇದ್ದರೂ "ಯಾವಾಗಲೂ ಯಾರಾದರೂ ಇರ್ತಾರೆ" ಅನ್ನೋದು, ಹಿಂದಿನ ನಾಯಿ ಏನಾಯಿತು ಅಂತ ಕೇಳಿದರೆ ಮಾತು ಮರೆಸೋದು ಎಲ್ಲವೂ ಇದೆ.

ಅಂಗಡಿ, ಗೋದಾಮು ಕಾಯಲು ನಾಯಿ ಬೇಕಿದ್ದರೆ ಅದನ್ನೇ ನೇರವಾಗಿ ಹೇಳಬೇಕು. ಮನೆಯಲ್ಲಿ ಸಾಕುತ್ತೇವೆ ಅಂತ ತಂದು ಶೆಟರ್ ಪಕ್ಕ ದಿನವಿಡೀ ಕಟ್ಟಿಹಾಕಿದರೆ ಕಾನೂನಿಗೂ ವಿರುದ್ಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೇ ಇರುವುದು, ಹಸಿವು-ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಅಷ್ಟು ಸಣ್ಣ ದಂಡ ಯಾರನ್ನೂ ತಡೆಯಲ್ಲ. ಅದಕ್ಕೇ ಕೊಡುವ ಮೊದಲಿನ ವಿಚಾರಣೆಯೇ ನಾಯಿಗೆ ನಿಜವಾದ ರಕ್ಷಣೆ.

ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವ ಇದ್ದೂ ಮಾಲೀಕರು ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅನ್ವಯವಾಗುತ್ತೆ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಿರಾಕಿಗಳು ಓಡಾಡುವ ಅಂಗಡಿಯವರು ಇದನ್ನು ನೆನಪಿಡಬೇಕು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಾಪಸ್ ಕೊಡೋದು ಅವಮಾನ ಅಲ್ಲ

ಎಷ್ಟೇ ಪ್ರಾಮಾಣಿಕವಾಗಿದ್ದರೂ ಕೆಲವು ಸಲ ಹೊಂದಿಕೆ ಆಗಲ್ಲ. ಆಗ ಬೈಗುಳಕ್ಕೆ ಹೆದರಿ ಊರಾಚೆ ಬಿಟ್ಟು ಬರುವುದಕ್ಕಿಂತ ಆಶ್ರಯತಾಣಕ್ಕೇ ಒಪ್ಪಿಸೋದು ಸರಿ. ವಾಪಸ್ ತಂದವರು ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ, ಮುಂದಿನ ಮನೆಯವರಿಗೆ ಅದೇ ಮಾಹಿತಿ ಆಸರೆ. "ಯಾವಾಗ ಬೇಕಾದರೂ ವಾಪಸ್ ತಗೋತೀವಿ" ಅಂತ ಬರೆದುಕೊಡುವ ಆಶ್ರಯತಾಣ ನಂಬಿಕೆಗೆ ಯೋಗ್ಯ.

ಮನೆಗೆ ಕರೆತರುವ ಮುನ್ನ ಕೇಳಿ

- ನಾಯಿ ಎಲ್ಲಿಂದ ಬಂತು, ಎಷ್ಟು ದಿನದಿಂದ ಇಲ್ಲಿದೆ?
- ಹಿಂದೆ ಯಾರಾದರೂ ದತ್ತು ಪಡೆದು ವಾಪಸ್ ಕೊಟ್ಟಿದ್ದರಾ? ಯಾಕೆ?
- ಯಾರಿಗಾದರೂ ಕಚ್ಚಿದೆಯಾ?
- ಲಸಿಕೆ ಕಾರ್ಡ್, ಚಿಕಿತ್ಸೆಯ ಚೀಟಿ ಎಲ್ಲಿದೆ?
- ಸಂತಾನಹರಣ ಆಗಿದೆಯಾ? ಆಗಿಲ್ಲದಿದ್ದರೆ ಯಾವಾಗ, ಯಾರ ಖರ್ಚಿನಲ್ಲಿ?
- ಹೊಂದಿಕೆ ಆಗದಿದ್ದರೆ ವಾಪಸ್ ಪಡೆಯುತ್ತೀರಾ?

ಉತ್ತರಗಳು ಒಂದು ಹಾಳೆಯಲ್ಲಿ ಬರೆದು, ಎರಡೂ ಕಡೆಯವರ ಸಹಿ ಆಗಲಿ. ಒಂದು ಪ್ರತಿ ಆಶ್ರಯತಾಣದಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. ಎರಡು-ಮೂರು ಸಲ ಹೋಗಿ, ಮನೆಮಂದಿಯನ್ನೆಲ್ಲಾ ಕರೆದುಕೊಂಡು ಹೋಗಿ ನಾಯಿಯನ್ನು ನೋಡಿ. "ಇವತ್ತೇ ತಗೊಂಡು ಹೋಗಿ" ಅಂತ ಅವಸರ ಮಾಡಿದರೆ ನಿಧಾನ ಮಾಡೋದೇ ಲೇಸು. ನಾಯಿ ಹತ್ತು-ಹನ್ನೆರಡು ವರ್ಷ ಮನೆಯಲ್ಲಿರುವ ಜೀವ. ಒಂದು ವಾರ ತಡವಾದರೆ ನಷ್ಟವೇನಿಲ್ಲ.