ಬ್ರಿಡ್ಜ್ಡ್ ನೆಟ್‌ವರ್ಕಿಂಗ್

ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಎಂಬುದು ವರ್ಚುವಲ್ ಯಂತ್ರವೊಂದರ ನೆಟ್‌ವರ್ಕ್ ಅಡಾಪ್ಟರನ್ನು, ಅದು ನಡೆಯುತ್ತಿರುವ ಗಣಕದ ಭೌತಿಕ ನೆಟ್‌ವರ್ಕ್ ಕಾರ್ಡಿಗೆ ಜೋಡಿಸುವ ವಿಧಾನ. ಇದರಿಂದ ವರ್ಚುವಲ್ ಯಂತ್ರವು ಅದೇ ಜಾಲದಲ್ಲಿರುವ ಮತ್ತೊಂದು ಸ್ವತಂತ್ರ ಗಣಕದಂತೆ ವರ್ತಿಸುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್, ವರ್ಚುವಲ್‌ಬಾಕ್ಸ್ ಹಾಗೂ ಲಿನಕ್ಸಿನ ಕೆವಿಎಂಗಳಲ್ಲಿ ಈ ಸೌಲಭ್ಯವಿದೆ. ಹೈಪರ್-ವಿಯಲ್ಲಿ ಇದೇ ಕೆಲಸವನ್ನು 'ಎಕ್ಸ್‌ಟರ್ನಲ್ ಸ್ವಿಚ್' ಮಾಡುತ್ತದೆ.

ಕಾರ್ಯವಿಧಾನ

ವರ್ಚುವಲ್ ಯಂತ್ರವು ತಂತ್ರಾಂಶದಿಂದ ರಚಿತವಾದ ಗಣಕ. ಅದರ ಅಡಾಪ್ಟರಿಗೆ ತಂತಿಯಾಗಲಿ ಆಂಟೆನಾ ಆಗಲಿ ಇಲ್ಲ. ಆದುದರಿಂದ ಅದರ ಮಾಹಿತಿಯು ಆತಿಥೇಯ ಗಣಕದ ಕಾರ್ಡಿನ ಮೂಲಕವೇ ಹೊರಹೋಗಬೇಕು. ಆದರೂ ಅದಕ್ಕೆ ಪ್ರತ್ಯೇಕ ಮ್ಯಾಕ್ ವಿಳಾಸವಿರುತ್ತದೆ. ಉದಾಹರಣೆಗೆ, ವರ್ಚುವಲ್‌ಬಾಕ್ಸ್ ನೀಡುವ ವಿಳಾಸಗಳು 08:00:27 ಎಂದು ಆರಂಭವಾಗುತ್ತವೆ. ಜಾಲದ ರೂಟರ್ ಈ ಯಂತ್ರಕ್ಕೆ ಬೇರೆಯೇ ಐಪಿ ವಿಳಾಸವನ್ನು ಕೊಡುತ್ತದೆ.

ಎನ್‌ಎಟಿ ವಿಧಾನದೊಡನೆ ಹೋಲಿಕೆ

ಎನ್‌ಎಟಿ ವಿಧಾನದಲ್ಲಿ ವರ್ಚುವಲ್ ಯಂತ್ರದ ವಿಳಾಸವು ಮರೆಯಾಗಿ, ಹೊರಗೆ ಆತಿಥೇಯ ಗಣಕದ ವಿಳಾಸವಷ್ಟೇ ಕಾಣುತ್ತದೆ. ಈ ವ್ಯತ್ಯಾಸವನ್ನು ಕೆಜಿಎಫ್ ರೈಲು ಮಾರ್ಗದ ಉದಾಹರಣೆಯಿಂದ ತಿಳಿಯಬಹುದು. ಮಾರಿಕುಪ್ಪಂನಿಂದ ಹೊರಟ ನೇರ ರೈಲು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗವನ್ನು ಸೇರಿ, ತನ್ನ ಸಂಖ್ಯೆಯಲ್ಲಿಯೇ ಬೆಂಗಳೂರಿಗೆ ಸಾಗುತ್ತದೆ. ಬ್ರಿಡ್ಜ್ ವಿಧಾನವೂ ಹೀಗೆಯೇ. ಪ್ರಯಾಣಿಕರು ಬಂಗಾರಪೇಟೆಯಲ್ಲಿ ಇಳಿದು ಬೇರೊಂದು ರೈಲು ಹತ್ತಿದರೆ, ಬೆಂಗಳೂರಿನಲ್ಲಿ ಕಾಣುವುದು ಆ ಎರಡನೆಯ ರೈಲಿನ ಸಂಖ್ಯೆ ಮಾತ್ರ. ಇದು ಎನ್‌ಎಟಿಗೆ ಸಮಾನ.

ಕಾರ್ಡಿನ ಆಯ್ಕೆ

ಲ್ಯಾಪ್‌ಟಾಪ್‌ಗಳಲ್ಲಿ ಈಥರ್ನೆಟ್ ಮತ್ತು ವೈ-ಫೈ ಎಂಬ ಎರಡು ಕಾರ್ಡುಗಳಿರಬಹುದು. ಬಳಕೆಯಲ್ಲಿರುವ ಕಾರ್ಡನ್ನೇ ಆರಿಸಬೇಕು. ಕೇಬಲ್ ಇಲ್ಲದ ಈಥರ್ನೆಟ್ ಕಾರ್ಡಿಗೆ ಜೋಡಿಸಿದಲ್ಲಿ, ಆತಿಥೇಯ ಗಣಕದಲ್ಲಿ ಅಂತರಜಾಲ ದೊರೆಯುತ್ತಿದ್ದರೂ ವರ್ಚುವಲ್ ಯಂತ್ರಕ್ಕೆ ದೊರೆಯುವುದಿಲ್ಲ. ಆಗ ವಿಂಡೋಸ್ ಅತಿಥಿ ಯಂತ್ರದಲ್ಲಿ 169.254 ಎಂದು ಆರಂಭವಾಗುವ ವಿಳಾಸವು ಕಾಣುತ್ತದೆ. ರೂಟರಿನಿಂದ ವಿಳಾಸ ಬಂದಿಲ್ಲವೆಂಬುದೇ ಇದರ ಅರ್ಥ. ವಿಎಂವೇರ್ ವರ್ಕ್‌ಸ್ಟೇಷನ್ನಿನಲ್ಲಿ ವಿಎಂನೆಟ್0 ಎಂಬ ಜಾಲವು ಕಾರ್ಡನ್ನು ತಾನಾಗಿಯೇ ಆರಿಸುತ್ತದೆ. 'ವರ್ಚುವಲ್ ನೆಟ್‌ವರ್ಕ್ ಎಡಿಟರ್'ನಲ್ಲಿ ಅದನ್ನು ನಿರ್ದಿಷ್ಟ ಕಾರ್ಡಿಗೆ ಬದಲಿಸಬಹುದು. ವರ್ಚುವಲ್‌ಬಾಕ್ಸಿನಲ್ಲಿ 'ಬ್ರಿಡ್ಜ್ಡ್ ಅಡಾಪ್ಟರ್' ಎಂದು ಆಯ್ದು, ಕಾರ್ಡಿನ ಹೆಸರನ್ನು ಸೂಚಿಸಬೇಕು.

ವೈ-ಫೈ ಸಂಪರ್ಕ ಕೇಂದ್ರಗಳು ಸಾಮಾನ್ಯವಾಗಿ ತಮ್ಮೊಡನೆ ನೋಂದಾಯಿತವಾದ ಮ್ಯಾಕ್ ವಿಳಾಸವನ್ನು ಮಾತ್ರ ಅಂಗೀಕರಿಸುತ್ತವೆ. ಆದ್ದರಿಂದ ವೈ-ಫೈ ಮೂಲಕ ಬ್ರಿಡ್ಜ್ ಮಾಡುವಾಗ ತಂತ್ರಾಂಶವು ವಿಳಾಸವನ್ನು ಬದಲಿಸಿ ಕಳುಹಿಸಬೇಕಾಗುತ್ತದೆ. ಇದು ಎಲ್ಲೆಡೆಯೂ ಸಫಲವಾಗುವುದಿಲ್ಲ.

ಎಚ್ಚರಿಕೆಗಳು

ಬ್ರಿಡ್ಜ್ ಮಾಡಿದ ಯಂತ್ರವನ್ನು ಅದೇ ಜಾಲದ ಇತರ ಗಣಕಗಳು ನೇರವಾಗಿ ಸಂಪರ್ಕಿಸಬಹುದು. ಆದ್ದರಿಂದ ಅದಕ್ಕೆ ಪ್ರತ್ಯೇಕ ಫೈರ್‌ವಾಲ್ ಮತ್ತು ಸಕಾಲಿಕ ಪರಿಷ್ಕರಣೆಗಳು ಅಗತ್ಯ. ಯಂತ್ರದ ಪ್ರತಿಯನ್ನು ಮಾಡಿದಾಗ ಹೊಸ ಮ್ಯಾಕ್ ವಿಳಾಸವನ್ನು ನೀಡಬೇಕು. ಒಂದೇ ವಿಳಾಸದ ಎರಡು ಯಂತ್ರಗಳಿದ್ದರೆ ಎರಡರ ಸಂಪರ್ಕವೂ ಕೆಡುತ್ತದೆ. ಕಾಲೇಜು, ಕಚೇರಿಗಳ ಜಾಲದಲ್ಲಿ ಈ ವಿಧಾನವನ್ನು ಬಳಸುವ ಮುನ್ನ ಜಾಲ ನಿರ್ವಾಹಕರ ಅನುಮತಿ ಪಡೆಯುವುದು ಸೂಕ್ತ. ಅಂತರಜಾಲ ವೀಕ್ಷಣೆಯಷ್ಟೇ ಉದ್ದೇಶವಾಗಿದ್ದರೆ ಎನ್‌ಎಟಿ ವಿಧಾನವೇ ಸಾಕು.