ಹೆಸರು ಬದಲಾವಣೆ: ಸೀವುಡ್ಸ್‌ನ ಕನ್ನಡಿಗರಿಗೆ ಅನ್ವಯಿಸುವ ನಿಯಮಗಳು

ವ್ಯಕ್ತಿ ಯಾವ ಹೆಸರಿಟ್ಟುಕೊಳ್ಳಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಹೆಸರು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2021ರ ಜಿಗ್ಯಾ ಯಾದವ್ ಪ್ರಕರಣದಲ್ಲಿ ಒಪ್ಪಿಕೊಂಡಿತು.

ನವಿ ಮುಂಬೈನ ನೆರೂಳ್‌ಗೆ ಹೊಂದಿಕೊಂಡ ಸೀವುಡ್ಸ್‌ನಲ್ಲಿ ನೆಲೆಸಿದ ಕನ್ನಡಿಗರಿಗೆ ತೊಡಕು ಶುರುವಾಗುವುದು ಇನಿಷಿಯಲ್‌ನಿಂದ. ಹಳೇ ಮೈಸೂರು ಕಡೆಯ ಅನೇಕರ ಹೆಸರಿನ ಮುಂದೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ; ಅಡ್ಡಹೆಸರು ಇರುವುದಿಲ್ಲ. ಮಹಾರಾಷ್ಟ್ರದ ಅರ್ಜಿಗಳು ಕೇಳುವುದು ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹೀಗಾಗಿ ‘ಎಚ್’ ಎಂಬ ಒಂದಕ್ಷರ ಒಂದು ದಾಖಲೆಯಲ್ಲಿ ಹಾಸನವಾಗಿ, ಇನ್ನೊಂದರಲ್ಲಿ ಬರೀ ಅಕ್ಷರವಾಗಿಯೇ ಉಳಿದುಬಿಡುತ್ತದೆ. ಧಾರವಾಡ, ವಿಜಯಪುರ ಕಡೆಯ ಪಾಟೀಲ, ಕುಲಕರ್ಣಿಗಳಿಗೆ ಈ ತಾಪತ್ರಯ ಕಡಿಮೆ.

ಹೆಸರು ಬದಲಿಸುವವರು ಹಳೆಯ ಹೆಸರು, ಹೊಸ ಹೆಸರು, ಕಾರಣ ತಿಳಿಸಿ ಮಹಾರಾಷ್ಟ್ರ ಸರ್ಕಾರದ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಮದುವೆಯಾದ ಹೆಣ್ಣು ಗಂಡನ ಅಡ್ಡಹೆಸರು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಇಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಅದು ಕಡ್ಡಾಯವೆಂದೇ ನಂಬಿಕೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರನ್ನೂ ಮಹಾರಾಷ್ಟ್ರ ಕಡ್ಡಾಯಗೊಳಿಸಿದೆ: ಮಗುವಿನ ಹೆಸರು, ತಾಯಿಯದು, ತಂದೆಯದು, ಕೊನೆಗೆ ಅಡ್ಡಹೆಸರು. ಇದು ನ್ಯಾಯವಾದ ಕ್ರಮ.

ಜನನ ನೋಂದಣಿಯಾಗುವುದು ಮಗು ಹುಟ್ಟಿದ ಊರಿನಲ್ಲಿ. ಬಾಣಂತನಕ್ಕೆ ತವರಿಗೆ ಹೋಗಿ ಹುಬ್ಬಳ್ಳಿಯಲ್ಲಿ ಹೆತ್ತರೆ, ಜನನ ಪ್ರಮಾಣಪತ್ರದ ತಿದ್ದುಪಡಿಗೆ ಹುಬ್ಬಳ್ಳಿಯ ನೋಂದಣಾಧಿಕಾರಿಗೇ ಅರ್ಜಿ ಕೊಡಬೇಕು. ನವಿ ಮುಂಬೈ ಮಹಾನಗರಪಾಲಿಕೆಗೆ ಆ ಅಧಿಕಾರವಿಲ್ಲ.